ಕೈಕೆಳಗೆ ಎಷ್ಟು ಜನ ಇದ್ದಾರೆ?

ಹುಡುಗ ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಎಂಜಿನಿಯರ್ ಎಂದರೆ, ಸಂಬಳ ವಿಚಾರಿಸಿದ ಮೇಲೆ ಹೆಣ್ಣಿನ ಕಡೆಯ ಹಿರಿಯರು ಕೇಳುವ ಪ್ರಶ್ನೆ ಒಂದಿದೆ: ‘ಕೈಕೆಳಗೆ ಎಷ್ಟು ಜನ ಇದ್ದಾರೆ?’ ಯಾರೂ ಇಲ್ಲ, ಹತ್ತು ವರ್ಷದಿಂದ ಕೋಡ್ ಬರೆಯುತ್ತಿದ್ದೇನೆ ಎಂದರೆ ಸಂಬಂಧ ಅಲ್ಲಿಗೇ ತಣ್ಣಗಾದರೂ ಆಶ್ಚರ್ಯವಿಲ್ಲ. ನಮ್ಮ ಐ.ಟಿ. ಕಂಪನಿಗಳು ಈ ಹಿರಿಯರಿಗಿಂತ ಬಹಳ ಭಿನ್ನವಾಗಿ ಯೋಚಿಸುತ್ತಿಲ್ಲ.

ಅದಕ್ಕೆ ಅವುಗಳದೇ ಲೆಕ್ಕವಿದೆ. ಸೇವಾ ಕಂಪನಿಗಳ ಬಹುಪಾಲು ಆದಾಯ ತಲೆಗಿಷ್ಟು, ಗಂಟೆಗಿಷ್ಟು ಎಂಬ ಬಿಲ್ಲಿಂಗ್‌ನಿಂದ ಬೆಳೆದದ್ದು. ಕೆಳಗೆ ಫ್ರೆಷರ್‌ಗಳು ಹೆಚ್ಚಿದ್ದಷ್ಟೂ ಲಾಭ. ಅನುಭವದ ಜತೆ ಸಂಬಳವೂ ಏರಿದ ಎಂಜಿನಿಯರ್ ಪ್ರಾಜೆಕ್ಟಿಗೆ ದುಬಾರಿ. ಅವರನ್ನೇ ಹತ್ತು ಹದಿನೈದು ಜನರ ಮೇಲೆ ಕೂರಿಸಿದರೆ ಆ ಖರ್ಚು ಇಡೀ ತಂಡದ ಬಿಲ್ಲಿನಲ್ಲಿ ಹಂಚಿಹೋಗುತ್ತದೆ. ಹೀಗಾಗಿ ಪ್ರತಿಭೆಗೆ ಸಂದ ಗೌರವ ಎಂದು ಸಿಹಿ ಹಂಚುವ ಎಷ್ಟೋ ಬಡ್ತಿಗಳು ಅಸಲಿಗೆ ಖರ್ಚು ಸರಿದೂಗಿಸುವ ಉಪಾಯ.

ಫಲ ಏನೆಂಬುದು ಅಪ್ರೈಸಲ್ ತಿಂಗಳಲ್ಲಿ ಗೊತ್ತಾಗುತ್ತದೆ. ಮೀಟಿಂಗ್ ರೂಮಿನಲ್ಲಿ ಅರ್ಧ ಗಂಟೆ. ಹೊಸ ಮ್ಯಾನೇಜರ್ ಲ್ಯಾಪ್‌ಟಾಪಿನಿಂದ ತಲೆ ಎತ್ತುವುದಿಲ್ಲ. ‘ನಿನ್ನ ಕೆಲಸ ಚೆನ್ನಾಗಿದೆ ಮಾರಾಯ, ಆದ್ರೆ ರೇಟಿಂಗ್ ನನ್ನ ಕೈಲಿಲ್ಲ, ಬಜೆಟ್ ಇಲ್ಲ.’ ಎದುರಿಗಿದ್ದವನು ತಲೆಯಾಡಿಸಿ ಎದ್ದುಬರುತ್ತಾನೆ, ಸಂಜೆಗೆ ನೌಕ್ರಿ ಪ್ರೊಫೈಲ್ ಅಪ್‌ಡೇಟ್ ಆಗುತ್ತದೆ. ಮ್ಯಾನೇಜರ್ ಕೆಟ್ಟವರೇನಲ್ಲ. ಬೇಸರದ ಮಾತನ್ನು ಮುಖ ನೋಡಿ ಹೇಳುವುದನ್ನು ಅವರಿಗೆ ಯಾರೂ ಕಲಿಸಿಲ್ಲ. ಕೊಟ್ಟದ್ದು ಎರಡು ದಿನದ ತರಬೇತಿ, ಒಂದು ಸರ್ಟಿಫಿಕೇಟ್. ಅತ್ತ ಒಳ್ಳೆಯ ಎಂಜಿನಿಯರನ್ನೂ ಕಳೆದುಕೊಂಡಾಯಿತು.

ಹಾಗೆಂದು ಮ್ಯಾನೇಜರುಗಳೇ ಬೇಡವೆನ್ನುವುದೂ ನಡೆಯುವ ಮಾತಲ್ಲ. ಗೂಗಲ್ 2002ರಲ್ಲಿ ಎಂಜಿನಿಯರಿಂಗ್ ಮ್ಯಾನೇಜರುಗಳನ್ನು ತೆಗೆದು ನೋಡಿತು. ಖರ್ಚಿನ ಚೀಟಿಯಿಂದ ಹಿಡಿದು ಸಹೋದ್ಯೋಗಿಗಳ ಜಗಳದವರೆಗೆ ಎಲ್ಲವೂ ಸ್ಥಾಪಕ ಲ್ಯಾರಿ ಪೇಜ್ ಮೇಜಿಗೇ ಬರತೊಡಗಿ, ಪ್ರಯೋಗ ಕೆಲವೇ ತಿಂಗಳಲ್ಲಿ ಮುಗಿಯಿತು. ಮುಂದೆ ಅದೇ ಕಂಪನಿ ‘ಪ್ರಾಜೆಕ್ಟ್ ಆಕ್ಸಿಜನ್’ ಎಂಬ ಅಧ್ಯಯನದಲ್ಲಿ ಒಳ್ಳೆಯ ಮ್ಯಾನೇಜರ್‌ನ ಎಂಟು ಗುಣಗಳನ್ನು ಪಟ್ಟಿ ಮಾಡಿತು. ಮೊದಲನೆಯದು, ಜತೆಗಿದ್ದು ತಿದ್ದಿ ಬೆಳೆಸುವ ಗುಣ. ತಾಂತ್ರಿಕ ಪರಿಣತಿ ಬಂದದ್ದು ಎಂಟನೆಯದಾಗಿ. ನಾವು ಬಡ್ತಿ ಕೊಡುವುದು ಮಾತ್ರ ಆ ಎಂಟನೆಯದನ್ನು ನೋಡಿ!

ಬೇರೆ ದಾರಿ ಹುಡುಕಲು ಬೆಂಗಳೂರು ಬಿಟ್ಟು ಹೋಗಬೇಕಿಲ್ಲ. ಇಸ್ರೊದಲ್ಲಿ ವಿಜ್ಞಾನಿ, ಎಂಜಿನಿಯರುಗಳ ಬಡ್ತಿ ಮೇಲಿನ ಹುದ್ದೆ ಖಾಲಿಯಾಗುವುದನ್ನು ಕಾಯುವುದಿಲ್ಲ. ನಿಗದಿತ ಅವಧಿ ಮುಗಿಸಿ, ಮಾಡಿದ ಕೆಲಸವನ್ನು ಪರಿಶೀಲನಾ ಸಮಿತಿಯ ಮುಂದೆ ಸಮರ್ಥಿಸಿಕೊಂಡರೆ ‘ಎಸ್‌ಸಿ’ಯಿಂದ ‘ಎಸ್‌ಡಿ’, ‘ಎಸ್‌ಇ’ ಹೀಗೆ ದರ್ಜೆ ಏರುತ್ತದೆ. ಅಲ್ಲಿಯೂ ತೀರಾ ಮೇಲಕ್ಕೆ ಹೋದಂತೆ ಫೈಲು, ಸಭೆಗಳು ತಪ್ಪಿದ್ದಲ್ಲ. ಆದರೂ ದರ್ಜೆಗೂ ಕೈಕೆಳಗಿನ ತಲೆಗಳಿಗೂ ಗಂಟು ಹಾಕಿಲ್ಲ. ಖಾಸಗಿ ಕಂಪನಿಗಳಲ್ಲೂ ತಾಂತ್ರಿಕ ಕೆಲಸದಲ್ಲೇ ಮೇಲೇರುವ ‘ಆರ್ಕಿಟೆಕ್ಟ್’ ದಾರಿ ಇದೆ, ನಿಜ. ಮೇಲೆ ಹೋದಂತೆ ಅಲ್ಲಿನ ಕುರ್ಚಿಗಳು ಬೆರಳೆಣಿಕೆಯಷ್ಟು.

ಈಗ ಮ್ಯಾನೇಜರ್ ದಾರಿಯೂ ಭದ್ರವಲ್ಲ. 2025ರ ಜುಲೈನಲ್ಲಿ ಟಿಸಿಎಸ್ ಸುಮಾರು 12 ಸಾವಿರ ಹುದ್ದೆ ಕಡಿತ ಪ್ರಕಟಿಸಿದಾಗ ಹೆಚ್ಚಿನ ಪೆಟ್ಟು ಬಿದ್ದದ್ದು ಮಧ್ಯಮ ಮತ್ತು ಹಿರಿಯ ಹಂತದವರಿಗೆ. ಕೋಡ್ ಬಿಟ್ಟು ಎಂಟು ವರ್ಷವಾದವರು ಮತ್ತೆ ಸಂದರ್ಶನಕ್ಕೆ ಹೋಗಿ ಏನು ತೋರಿಸಬೇಕು? ಮ್ಯಾನೇಜರ್ ಆದವರಿಗೆ ಒಂದು ವರ್ಷದೊಳಗೆ, ಸಂಬಳ ಕಡಿತವಿಲ್ಲದೆ, ಹಳೆಯ ಕೆಲಸಕ್ಕೆ ಮರಳುವ ಅವಕಾಶವನ್ನು ಬಡ್ತಿ ಪತ್ರದಲ್ಲೇ ಬರೆದುಕೊಡಲು ಕಂಪನಿಗಳಿಗೆ ದೊಡ್ಡ ಖರ್ಚೇನೂ ಇಲ್ಲ. ಬಡ್ತಿ ಒಪ್ಪುವ ಮೊದಲು ಎಚ್.ಆರ್. ಬಳಿ ಇದನ್ನು ಕೇಳುವವರೂ ಬೇಕು.