ವೀಸಾ ಬಂತು, ಒಂಬತ್ತನೇ ಕ್ಲಾಸಿನ ಮಗಳನ್ನು ಕೇಳಿದಿರಾ?

ಉಡುಪಿ, ದಕ್ಷಿಣ ಕನ್ನಡ, ಭಟ್ಕಳದ ಕಡೆಯ ಹಳ್ಳಿಗಳಿಗೆ ಗಲ್ಫ್ ಹೊಸದಲ್ಲ. ಹಿಂದೆ ಹೆಚ್ಚಾಗಿ ಅಪ್ಪಂದಿರು ಮಾತ್ರ ಹೋಗುತ್ತಿದ್ದರು. ಎರಡು ವರ್ಷಕ್ಕೊಮ್ಮೆ ರಜೆಯಲ್ಲಿ ಬಂದು ಹೋಗುವ ಅಪ್ಪನನ್ನು ನೋಡಿಯೇ ಮಕ್ಕಳು ದೊಡ್ಡವರಾಗುತ್ತಿದ್ದರು. ಈಗ ಅಪ್ಪನಿಗೆ ಸ್ವಲ್ಪ ಒಳ್ಳೆಯ ಸಂಬಳವಾದರೆ, ಅಥವಾ ನರ್ಸಿಂಗ್ ಓದಿದ ಅಮ್ಮನಿಗೆ ಹೊರದೇಶದ ಆಸ್ಪತ್ರೆಯಲ್ಲಿ ಕೆಲಸ ಸಿಕ್ಕಿದರೆ, ಇಡೀ ಸಂಸಾರವೇ ಹೊರಡುವ ಮಾತು ಬರುತ್ತದೆ.

ಆ ಮಾತುಕತೆಯಲ್ಲಿ ಎಲ್ಲವೂ ಬರುತ್ತದೆ. ಸಂಬಳ ಎಷ್ಟು, ಅಲ್ಲಿ ಬಾಡಿಗೆ ಎಷ್ಟು, ಅಡಿಕೆ ತೋಟಕ್ಕೆ ಮದ್ದು ಬಿಡಿಸುವವರು ಯಾರು, ದನ ಕೊಡುವುದೋ ಇಟ್ಟುಕೊಳ್ಳುವುದೋ, ಅಜ್ಜಿ ಯಾರ ಮನೆಯಲ್ಲಿ ಇರುವುದು. ಒಂಬತ್ತನೇ ಕ್ಲಾಸಿನಲ್ಲಿರುವ ಮಗಳ ವಿಷಯ ಮಾತ್ರ ಕೊನೆಗೆ ಒಂದೇ ವಾಕ್ಯದಲ್ಲಿ ಮುಗಿಯುತ್ತದೆ: "ಅವಳಿಗೆ ಅಲ್ಲೇ ಒಂದು ಸ್ಕೂಲ್ ನೋಡಿದ್ರೆ ಆಯ್ತಲ್ಲ." ನಮ್ಮ ತಕರಾರು ಈ ಒಂದು ವಾಕ್ಯದ ಬಗ್ಗೆ.

ಹೊರದೇಶಕ್ಕೆ ಹೋಗಬೇಡಿ ಎಂದು ನಾವು ಹೇಳುತ್ತಿಲ್ಲ. ನಮ್ಮ ಊರುಗಳಲ್ಲಿ ಎಷ್ಟೋ ಮನೆಗಳಿಗೆ ಸಾರಣೆ ಆದದ್ದು, ಎಷ್ಟೋ ಹೆಣ್ಣುಮಕ್ಕಳು ಕಾಲೇಜು ಮೆಟ್ಟಿಲು ಹತ್ತಿದ್ದು ಗಲ್ಫ್ ದುಡ್ಡಿನಿಂದ. ಅಪ್ಪ ಒಬ್ಬನೇ ಅಲ್ಲಿ, ಉಳಿದವರು ಇಲ್ಲಿ ಎಂದು ವರ್ಷಗಟ್ಟಲೆ ಬದುಕುವ ಸಂಕಟವೂ ನಮಗೆ ಗೊತ್ತು. ಒಟ್ಟಿಗೆ ಇರಬೇಕು ಎನ್ನುವ ಆಸೆಯಲ್ಲಿ ತಪ್ಪೇನಿಲ್ಲ. ಆದರೆ ಐದು ವರ್ಷದ ಮಗುವನ್ನು ಕರೆದುಕೊಂಡು ಹೋಗುವುದು ಬೇರೆ, ಹದಿನಾಲ್ಕು ವರ್ಷದವಳನ್ನು ಕರೆದುಕೊಂಡು ಹೋಗುವುದು ಬೇರೆ. ಈ ವ್ಯತ್ಯಾಸ ಭಾವನೆಯದು ಮಾತ್ರವಲ್ಲ, ಲೆಕ್ಕದ್ದೂ ಹೌದು. ಮೊದಲು ಲೆಕ್ಕವನ್ನೇ ನೋಡೋಣ.

ಯುಎಇಯ ಉದಾಹರಣೆ ತೆಗೆದುಕೊಳ್ಳಿ. ಅಲ್ಲಿ ಭಾರತೀಯ ಶಾಲೆಗಳು ಬಹಳ ಇವೆ, ಹೆಚ್ಚಿನವು ಸಿಬಿಎಸ್‌ಇ. ಕೇರಳದ ಎಸ್ಸೆಸ್ಸೆಲ್ಸಿ ಪರೀಕ್ಷೆಗೂ ಅಲ್ಲಿ ಕೇಂದ್ರಗಳಿವೆ. ನಮ್ಮ ರಾಜ್ಯ ಪಠ್ಯಕ್ರಮದ ಮಕ್ಕಳಿಗೆ ಆ ಅನುಕೂಲ ಇಲ್ಲ. ಅಂದರೆ ಊರಿನ ಸರ್ಕಾರಿ ಪ್ರೌಢಶಾಲೆಯಲ್ಲಿ ಕನ್ನಡ ಮಾಧ್ಯಮದಲ್ಲಿ ಓದುತ್ತಿರುವ ಹುಡುಗಿಗೆ ದೇಶದ ಜೊತೆಗೆ ಮಾಧ್ಯಮ, ಪಠ್ಯಕ್ರಮ, ಭಾಷೆ ಎಲ್ಲವೂ ಒಂದೇ ಸಲ ಬದಲಾಗುತ್ತವೆ. ಅಲ್ಲಿನ ಖಾಸಗಿ ಶಾಲೆಗಳಲ್ಲಿ ಒಂಬತ್ತನೇ ತರಗತಿಯವರೆಗೆ ಅರಬ್ಬಿಯೂ ಕಡ್ಡಾಯ. ವಿಜ್ಞಾನದ ಪಾಠವನ್ನು ಮೊದಲ ಬಾರಿಗೆ ಇಂಗ್ಲಿಷಿನಲ್ಲಿ ಕೇಳುತ್ತಲೇ ಅವಳು ಅರಬ್ಬಿ ಅಕ್ಷರವನ್ನೂ ತಿದ್ದಬೇಕು.

ಕ್ಯಾಲೆಂಡರ್ ಕೂಡ ಹೊಂದುವುದಿಲ್ಲ. ಅಲ್ಲಿನ ಭಾರತೀಯ ಶಾಲೆಗಳು ಏಪ್ರಿಲ್‌ನಲ್ಲಿ ಶುರುವಾಗುತ್ತವೆ, ನಮ್ಮವು ಮಳೆಗಾಲದ ಹೊತ್ತಿಗೆ. ಸಿಬಿಎಸ್‌ಇಯಲ್ಲಿ ಒಂಬತ್ತು ಮತ್ತು ಹತ್ತನ್ನು ಸೇರಿಸಿ ಎರಡು ವರ್ಷದ ಒಂದೇ ಕೋರ್ಸ್ ಎಂದು ನೋಡುತ್ತಾರೆ. ಬೋರ್ಡ್ ಪರೀಕ್ಷೆಗೆ ಹೆಸರು ನೋಂದಣಿ ಒಂಬತ್ತರಲ್ಲೇ ಆಗುತ್ತದೆ. ಬೇರೆ ಬೋರ್ಡಿನಲ್ಲಿ ಒಂಬತ್ತು ಮುಗಿಸಿ ನೇರವಾಗಿ ಹತ್ತಕ್ಕೆ ಸೇರಿಸುವುದು ಸುಲಭವಲ್ಲ. ಸೀಟು ಸಿಗದೆ ಮತ್ತೆ ಒಂಬತ್ತಕ್ಕೇ ಕೂರಬೇಕಾಗಿ ಬಂದರೆ ಹೋದ ಒಂದು ವರ್ಷ ಅವಳದ್ದು.

ಹೆಚ್ಚಿನ ಮನೆಗಳಲ್ಲಿ ಯಾರ ಗಮನಕ್ಕೂ ಬಾರದ ಇನ್ನೊಂದು ವಿಷಯ ಇದೆ. ನಮ್ಮ ಸಿಇಟಿಯಲ್ಲಿ ಗ್ರಾಮೀಣ ಅಭ್ಯರ್ಥಿಗಳಿಗೆ ಶೇ. 15, ಕನ್ನಡ ಮಾಧ್ಯಮದವರಿಗೆ ಶೇ. 5 ಮೀಸಲಾತಿ ಇದೆ. ಎರಡಕ್ಕೂ ಒಂದರಿಂದ ಹತ್ತರವರೆಗೆ ಪೂರ್ತಿ ಹತ್ತು ವರ್ಷ ಓದಿರಬೇಕು: ಒಂದಕ್ಕೆ ಗ್ರಾಮೀಣ ಪ್ರದೇಶದಲ್ಲಿ, ಇನ್ನೊಂದಕ್ಕೆ ಕನ್ನಡ ಮಾಧ್ಯಮದಲ್ಲಿ. ಒಂಬತ್ತು ಮುಗಿಸಿ ವಿಮಾನ ಹತ್ತಿದವಳು ಒಂಬತ್ತು ವರ್ಷ ಗಳಿಸಿದ್ದನ್ನು ಒಂದು ವರ್ಷಕ್ಕೋಸ್ಕರ ಬಿಟ್ಟುಕೊಟ್ಟ ಹಾಗೆ. ಇಷ್ಟೇ ಅಲ್ಲ. ಸಾಮಾನ್ಯವಾಗಿ ಸಿಇಟಿ ಸೀಟಿಗೆ ರಾಜ್ಯದಲ್ಲಿ ಕನಿಷ್ಠ ಏಳು ವರ್ಷ ಓದಿರಬೇಕು, ಜೊತೆಗೆ ಹತ್ತನೆಯದನ್ನೋ ಹನ್ನೆರಡನೆಯದನ್ನೋ ಇಲ್ಲಿ ಪಾಸಾಗಿರಬೇಕು. ಏಳು ವರ್ಷ ಅವಳಿಗೆ ಹೇಗೂ ಆಗಿದೆ. ಎಸ್ಸೆಸ್ಸೆಲ್ಸಿ ಇಲ್ಲೇ ಮುಗಿಸಿದರೆ ಎರಡನೆಯದೂ ಕೈಯಲ್ಲಿರುತ್ತದೆ. ಒಂದು ವರ್ಷ ಮೊದಲೇ ಹೊರಟರೆ ಕೈತಪ್ಪಬಹುದು. ಕರ್ನಾಟಕ ಪರೀಕ್ಷಾ ಪ್ರಾಧಿಕಾರದ ಮಾಹಿತಿ ಪುಸ್ತಿಕೆಯಲ್ಲಿ ಇವೆಲ್ಲ ಇವೆ. ಟಿಕೆಟ್ ಬುಕ್ ಮಾಡುವ ಮೊದಲು ಒಂದು ಸಲ ಓದಿ.

"ನಾವು ಅಲ್ಲೇ ಇರ್ತೇವಲ್ಲ, ಸಿಇಟಿ ಯಾಕೆ?" ಎನ್ನುವವರಿದ್ದಾರೆ. ಅಲ್ಲೇ ಇರುತ್ತೇವೆ ಎನ್ನುವುದು ನಮ್ಮ ಕೈಯಲ್ಲಿಲ್ಲ. ಯುಎಇಯಲ್ಲಿ ಸಂಸಾರವನ್ನು ಕರೆಸಿಕೊಳ್ಳಲು ತಿಂಗಳಿಗೆ 4,000 ದಿರ್ಹಂ ಸಂಬಳ, ಅಥವಾ ವಸತಿ ಕೊಟ್ಟು 3,000 ದಿರ್ಹಂ ಇದ್ದರೆ ಸಾಕು. ಆದರೆ ವೀಸಾಕ್ಕೆ ಸಾಕಾದ ಸಂಬಳ ಬಾಡಿಗೆಗೂ ಶಾಲೆಯ ಫೀಸಿಗೂ ಸಾಕಾಗಬೇಕೆಂದಿಲ್ಲ. ಸಂಸಾರದ ವೀಸಾ ನಿಂತಿರುವುದು ಒಬ್ಬರ ಕೆಲಸದ ಮೇಲೆ. ಕೆಲಸ ಹೋದರೆ ಎಲ್ಲರೂ ಹೊರಡಬೇಕು. ನಿಯಮಗಳೂ ಇದ್ದ ಹಾಗೆ ಇರುವುದಿಲ್ಲ. ಸೌದಿ ಅರೇಬಿಯಾ 2017ರಲ್ಲಿ ವಿದೇಶಿ ಕೆಲಸಗಾರರ ಕುಟುಂಬದ ಪ್ರತಿಯೊಬ್ಬರಿಗೂ ತಿಂಗಳಿಗೆ 100 ರಿಯಾಲ್ ಶುಲ್ಕ ಹಾಕಿತು, 2020ರ ಹೊತ್ತಿಗೆ ಅದು 400 ಆಯಿತು. ಹೆಂಡತಿ, ಇಬ್ಬರು ಮಕ್ಕಳು ಎಂದರೆ ತಿಂಗಳಿಗೆ 1,200 ರಿಯಾಲ್. ಎಷ್ಟೋ ಸಂಸಾರಗಳು ಪೆಟ್ಟಿಗೆ ಕಟ್ಟಿ ವಾಪಸ್ ಬಂದವು. ಬ್ರಿಟನ್ 2024ರ ಮಾರ್ಚ್ 11ರಿಂದ ಹೊಸದಾಗಿ ಬರುವ ಕೇರ್ ವರ್ಕರ್‌ಗಳು ಸಂಸಾರ ಕರೆತರುವುದನ್ನೇ ನಿಲ್ಲಿಸಿತು. ವಾಪಸ್ ಬಂದಾಗ ಅಪ್ಪ ಇನ್ನೊಂದು ಕೆಲಸ ಹುಡುಕಬಹುದು. ಹನ್ನೊಂದನೇ ತರಗತಿಯ ನಡುವೆ ಬಂದಿಳಿದ ಹುಡುಗ ಯಾವ ಕಾಲೇಜಿನ ಬಾಗಿಲು ತಟ್ಟಬೇಕು?

ಇವೆಲ್ಲ ದೊಡ್ಡವರು ಕುಳಿತು ಮಾಡಬಹುದಾದ ಲೆಕ್ಕ. ಮಕ್ಕಳನ್ನು ಕೇಳದೆ ತಿಳಿಯದ ಸಂಗತಿಗಳೂ ಇವೆ. ಅವಳು ತಾಲ್ಲೂಕು ಮಟ್ಟದ ಕಬಡ್ಡಿ ತಂಡದಲ್ಲಿರಬಹುದು. ಗಣಿತದ ಟೀಚರ್ ಒಬ್ಬರಿಂದಾಗಿ ಈ ವರ್ಷವಷ್ಟೇ ಲೆಕ್ಕ ತಲೆಗೆ ಹತ್ತಿರಬಹುದು. ಅಜ್ಜಿಯನ್ನು ಬಿಟ್ಟು ಹೋಗುವ ಹೆದರಿಕೆ ಇರಬಹುದು. ಇದಕ್ಕೆ ತದ್ವಿರುದ್ಧವಾಗಿಯೂ ಇರಬಹುದು: ದೊಡ್ಡವರು ಹೋಗಲೋ ಬೇಡವೋ ಎಂದು ಅನುಮಾನಿಸುತ್ತಿರುವಾಗ ಅವಳಿಗೆ ಹೋಗುವ ಉತ್ಸಾಹ ಇರಬಹುದು. ಮಗನ ಓದಿಗೆ ತೊಂದರೆ ಎಂದು ಅರ್ಧ ಗಂಟೆ ಯೋಚಿಸುವ ಮನೆ, ಮಗಳನ್ನು "ಅಜ್ಜಿ ಜೊತೆ ಇರ್ಲಿ" ಎಂದು ಅರ್ಧ ನಿಮಿಷದಲ್ಲಿ ಬಿಟ್ಟು ಹೊರಡುವುದೂ ಉಂಟು. ಕೇಳಿ ಎನ್ನುವುದು ಅದಕ್ಕೂ ಸೇರಿಸಿಯೇ.

ಮಕ್ಕಳ ಮಾತು ಕೇಳುವುದು ಪೇಟೆಯವರ ಹೊಸ ಚಾಳಿ ಎಂದು ಯಾರೂ ಅಂದುಕೊಳ್ಳಬೇಕಾಗಿಲ್ಲ. ನಮ್ಮ ಕಾನೂನಿಗೆ ಇದು ಹಳೆಯದು. 1890ರ ಪೋಷಕರು ಮತ್ತು ಪಾಲಿತರ ಕಾಯ್ದೆಯಲ್ಲೇ, ತಿಳಿದು ಹೇಳುವಷ್ಟು ವಯಸ್ಸಾದ ಮಗುವಿನ ಇಷ್ಟವನ್ನು ನ್ಯಾಯಾಲಯ ಪರಿಗಣಿಸಬಹುದು ಎಂದಿದೆ. ಭಾರತ 1992ರಲ್ಲಿ ಒಪ್ಪಿಕೊಂಡ ವಿಶ್ವಸಂಸ್ಥೆಯ ಮಕ್ಕಳ ಹಕ್ಕುಗಳ ಒಡಂಬಡಿಕೆಯ 12ನೇ ವಿಧಿ, ಮಗುವಿಗೆ ಸಂಬಂಧಿಸಿದ ವಿಷಯದಲ್ಲಿ ಮಗುವಿನ ಅಭಿಪ್ರಾಯಕ್ಕೆ ಅದರ ವಯಸ್ಸಿಗೆ ತಕ್ಕ ಬೆಲೆ ಕೊಡಬೇಕು ಎನ್ನುತ್ತದೆ. ಅಷ್ಟು ದೂರ ಯಾಕೆ, ನಮ್ಮ ಪಂಚಾಯಿತಿಗಳಲ್ಲಿ ಮಕ್ಕಳ ಗ್ರಾಮಸಭೆ ನಡೆಯುತ್ತದೆ. ಅಲ್ಲಿ ಇದೇ ಹುಡುಗಿ ಎದ್ದು ನಿಂತು ಶಾಲೆಯ ಶೌಚಾಲಯಕ್ಕೆ ನೀರು ಯಾಕಿಲ್ಲ ಎಂದು ಕೇಳಿದರೆ ಪಿಡಿಒ ಉತ್ತರ ಕೊಡುತ್ತಾರೆ. ಊರಿನ ನೀರಿನ ಬಗ್ಗೆ ಮಾತಾಡಬಹುದಾದವಳು ತನ್ನ ಮನೆಯ ಚಾವಡಿಯಲ್ಲಿ, ತನ್ನದೇ ಮುಂದಿನ ನಾಲ್ಕು ವರ್ಷದ ಬಗ್ಗೆ ಬಾಯಿ ಬಿಡಬಾರದೇ?

ಕೇಳುವುದು ಎಂದರೆ ತೀರ್ಮಾನವನ್ನು ಅವಳ ತಲೆ ಮೇಲೆ ಹೊರಿಸುವುದಲ್ಲ. "ನಿನಗೆ ಬೇಡ ಅಂದ್ರೆ ನಾವು ಹೋಗೋದಿಲ್ಲ" ಎಂದು ಹೇಳಿ, ನಾಳೆ ಸಾಲ ತೀರದಿದ್ದಾಗ ಅವಳ ಮುಖ ನೋಡುವುದು ಕೇಳದಿರುವುದಕ್ಕಿಂತ ಕೆಟ್ಟದ್ದು. ತೀರ್ಮಾನ ದೊಡ್ಡವರದ್ದೇ. ಆದರೆ ಸಾಲ ಎಷ್ಟಿದೆ, ಸಂಬಳ ಎಷ್ಟು ಬರುತ್ತದೆ, ಎಷ್ಟು ವರ್ಷದ ಮಾತು ಎನ್ನುವುದನ್ನು ಮುಚ್ಚಿಡದೆ ಹೇಳಿ, ಅವಳ ಹೆದರಿಕೆ ಏನೆಂದು ತಿಳಿದು, ಆಮೇಲೆ ತೀರ್ಮಾನ ಮಾಡಿ. ಒಪ್ಪಿಗೆ ಇಲ್ಲದೆ ಹೋದರೂ, ಕಾರಣ ಗೊತ್ತಿದ್ದು ಹೋದವಳು ಅಲ್ಲಿ ಹೊಂದಿಕೊಳ್ಳುವ ರೀತಿ ಬೇರೆ.

ನಮ್ಮ ಅಭಿಪ್ರಾಯ ಇಷ್ಟು. ಮಗು ಎಂಟರಲ್ಲಿದ್ದರೆ, ಹೋಗುವುದೇ ಆದರೆ ಒಂಬತ್ತು ಶುರುವಾಗುವ ಏಪ್ರಿಲ್‌ಗೆ ಹೋಗಿ, ಸಿಇಟಿಯ ಲೆಕ್ಕ ತಿಳಿದೇ ಹೋಗಿ. ಒಂಬತ್ತೋ ಹತ್ತೋ ಆಗಿದ್ದರೆ ಎಸ್ಸೆಸ್ಸೆಲ್ಸಿ ಮುಗಿಯುವವರೆಗೆ ತಡೆಯಿರಿ. ಕೆಲಸ ಸಿಕ್ಕವರು ಮೊದಲು ಹೋಗಿ ನೆಲೆ ನಿಲ್ಲಲಿ, ಉಳಿದವರು ವರ್ಷದ ನಂತರ ಸೇರಿಕೊಳ್ಳಲಿ. ಆ ಒಂದು ವರ್ಷದಲ್ಲಿ ಕೆಲಸ ಗಟ್ಟಿಯೋ ಅಲ್ಲವೋ ಎನ್ನುವುದೂ ತಿಳಿಯುತ್ತದೆ. ಪಿಯುಸಿಗೆ ಅಲ್ಲಿ ಸೇರಿಸುವುದಾದರೆ ಸೀಟಿನ ವಿಚಾರಣೆ ಆರು ತಿಂಗಳು ಮೊದಲೇ ಆಗಲಿ. ನಮ್ಮ ಫಲಿತಾಂಶ ಬರುವ ಹೊತ್ತಿಗೆ ಅಲ್ಲಿ ಪಾಠ ಶುರುವಾಗಿರುತ್ತದೆ. ಕನ್ನಡ ಓದು ಬಿಡಿಸಬೇಡಿ; ದುಬೈಯಲ್ಲಿ ಕನ್ನಡಿಗರೇ ನಡೆಸುವ ಕನ್ನಡ ಪಾಠಶಾಲೆ ಇದೆ.

ತೋಟ ನೋಡಿಕೊಳ್ಳಲು ಒಬ್ಬರನ್ನು ಒಪ್ಪಿಸುವ ಮೊದಲು ನಾವು ಅವರ ಮನೆಗೆ ಹೋಗಿ ಎರಡು ಸಲ ಮಾತಾಡಿ ಬರುತ್ತೇವೆ. ಮಗಳ ಜೊತೆ ಒಂದು ಸಂಜೆಯಾದರೂ ಕುಳಿತು ಮಾತಾಡಿ. ಆಮೇಲೆ ಏಜೆಂಟರಿಗೆ ಫೋನ್ ಮಾಡಿದರೂ ತಡವಾಗುವುದಿಲ್ಲ.