ರಂಗನತಿಟ್ಟಿನ ಗೂಡುಗಳಲ್ಲಿರುವ ಕೊಕ್ಕರೆಗಳು ಸೈಬೀರಿಯಾದವೇ?

ಫೆಬ್ರವರಿ, ಮಾರ್ಚ್ ಬಂತೆಂದರೆ ರಂಗನತಿಟ್ಟು ಪಕ್ಷಿಧಾಮದ ಫೋಟೊಗಳು ವಾಟ್ಸಾಪ್ ಗುಂಪುಗಳಲ್ಲಿ ಓಡಾಡತೊಡಗುತ್ತವೆ. ಮರದ ತುಂಬ ಕೊಕ್ಕರೆಗಳು, ಗೂಡಿನಲ್ಲಿ ಮರಿಗಳು, ಕೆಳಗೆ ‘ಸೈಬೀರಿಯಾದಿಂದ ಬಂದ ವಿದೇಶಿ ಅತಿಥಿಗಳು’ ಎಂಬ ಸಾಲು. ಫೋಟೊ ನಿಜವೇ ಇರಬಹುದು. ಆ ಸಾಲು ಮಾತ್ರ ತಪ್ಪು.

ಫೋಟೊದಲ್ಲಿರುವ ಹಕ್ಕಿ ಯಾವುದು?

ಉದ್ದನೆಯ ಹಳದಿ ಕೊಕ್ಕು, ಕಿತ್ತಳೆ ಬಣ್ಣದ ಬೋಳು ತಲೆ, ಬಾಲದ ಬಳಿ ಗುಲಾಬಿ ಗರಿಗಳಿದ್ದರೆ ಅದು ಬಣ್ಣದ ಕೊಕ್ಕರೆ. ನೀರು, ಮೀನು ಸಿಗುವ ಕಡೆಗೆ ಇದು ಊರಿಂದೂರಿಗೆ ಹೋಗುತ್ತದೆ, ಸೈಬೀರಿಯಾಕ್ಕೆ ಹೋಗುವುದಿಲ್ಲ. ಇದರ ಜೊತೆ ಇಲ್ಲೇ ಗೂಡು ಕಟ್ಟುವ ಹೆಜ್ಜಾರ್ಲೆಗಳೂ ನಮ್ಮವೇ.

ಸೈಬೀರಿಯನ್ ಕ್ರೇನ್ ಬೇರೆಯೇ ಹಕ್ಕಿ. ಅದು ಚಳಿಗಾಲಕ್ಕೆ ಬರುತ್ತಿದ್ದುದು ರಾಜಸ್ಥಾನದ ಭರತ್‌ಪುರಕ್ಕೆ. 2002ರ ನಂತರ ಅಲ್ಲಿಗೂ ಬಂದಿಲ್ಲ.

ಹಾಗಾದರೆ ವಿದೇಶದಿಂದ ಹಕ್ಕಿ ಬರುವುದೇ ಇಲ್ಲವೇ?

ಬರುತ್ತವೆ. ಗದಗ ಜಿಲ್ಲೆಯ ಮಾಗಡಿ ಕೆರೆಗೆ ಬರುವ ಪಟ್ಟೆತಲೆ ಹೆಬ್ಬಾತುಗಳು ಹಿಮಾಲಯ ದಾಟಿ ಬಂದವು. ಆದರೆ ಅವು ಚಳಿ ಕಳೆಯಲು, ಮೇಯಲು ಬರುತ್ತವೆ. ಮೊಟ್ಟೆ ಇಡುವುದು ಮಂಗೋಲಿಯಾ, ಟಿಬೆಟ್ ಕಡೆ. ಬೇಸಿಗೆ ಹತ್ತಿರವಾದಂತೆ ಉತ್ತರಕ್ಕೆ ಹೊರಡುತ್ತವೆ.

ಹಾಗಾಗಿ ಸುಲಭದ ಗುರುತು ಗೂಡು. ಅತಿಥಿಗಳು ಹೊರಡುವ ಹೊತ್ತಿನಲ್ಲಿ ಇಲ್ಲಿ ಕೊಕ್ಕರೆ ಮರಿ ಸಾಕುತ್ತಿದೆ ಎಂದರೆ ಅದರ ಮನೆ ಇದೇ.

ಒಂದು ಸಾಲು ತಪ್ಪಾದರೆ ಏನಾಯಿತು?

ಪಕ್ಷಿತಜ್ಞ ಸಲೀಂ ಅಲಿ ಅವರ ಒತ್ತಾಸೆಯಿಂದ ರಂಗನತಿಟ್ಟು 1940ರಲ್ಲಿ ಪಕ್ಷಿಧಾಮವಾಯಿತು. 2022ರಲ್ಲಿ ರಾಮ್ಸಾರ್ ಪಟ್ಟಿಗೂ ಸೇರಿತು. ಆದರೆ ಕಾವೇರಿಯ ಈ ನಡುಗಡ್ಡೆಗಳು ಹಕ್ಕಿಗಳ ಬಾಣಂತಿ ಕೋಣೆ ಮಾತ್ರ. ಮರಿಗಳಿಗೆ ಬೇಕಾದ ಮೀನನ್ನು ತಂದೆ ತಾಯಿ ಸುತ್ತಲಿನ ಕೆರೆ, ನಾಲೆ, ಗದ್ದೆಗಳಿಂದಲೂ ತರಬೇಕು. ಆ ಕೆರೆಗಳು ಬೇಲಿಯ ಹೊರಗಿವೆ. ಅಲ್ಲಿ ಒತ್ತುವರಿಯಾದರೂ, ಚರಂಡಿ ನೀರು ಬಿಟ್ಟರೂ ಪೆಟ್ಟು ಬೀಳುವುದು ಗೂಡಿನಲ್ಲಿರುವ ಮರಿಗೆ.

‘ಅತಿಥಿ’ ಎಂದಾಗ, ಹೇಗೂ ಬಂದು ಹೋಗುವವು ಎಂಬ ಭಾವನೆ ನಮ್ಮಲ್ಲಿ ಬೇರೂರುತ್ತದೆ. ಈ ಕೊಕ್ಕರೆಗಳಿಗೆ ವಾಪಸು ಹೋಗಲು ಸೈಬೀರಿಯಾದಲ್ಲಿ ಮನೆಯಿಲ್ಲ.

ಮುಂದಿನ ಸಲ ಇಂಥ ಫೋಟೊ ಬಂದರೆ ಫಾರ್ವರ್ಡ್ ಮಾಡಿ, ಬೇಡವೆನ್ನುವುದಿಲ್ಲ. ಕೆಳಗಿನ ಸಾಲನ್ನಷ್ಟೇ ಬದಲಿಸಿ: ‘ಇವು ನಮ್ಮ ಕೆರೆಗಳ ಹಕ್ಕಿಗಳು.’