ತರಿ ಜಮೀನಿನ ಊರು, ಭಾಗ 6: ವಂಶವೃಕ್ಷದಲ್ಲಿ ಅತ್ತೆಯರ ಹೆಸರು

ನಮ್ಮ ಕಡೆ ಊರಿನ ಇತಿಹಾಸ ಅಂದ್ರೆ ಎಲ್ರೂ ಹೇಳೋದು ಮೂರೇ ವಿಷಯ. ಯಾವ ರಾಜ, ಯಾವ ದೇವಸ್ಥಾನ, ಯಾವ ಗೌಡ್ರ ಮನೆತನ. ರೀಲ್ಸಲ್ಲಿ ಡ್ರೋನ್ ಶಾಟ್, ಹಿಂದೆ ಜೋರು ಮ್ಯೂಸಿಕ್ಕು, ಮುಗೀತು. ಲೈಕ್ ನಾನೂ ಮಾಡ್ತೀನಿ, ಸುಳ್ಳು ಹೇಳಲ್ಲ. ಆದ್ರೆ ನೀರಾವರಿ ಊರಿನ ಇತಿಹಾಸ ಅಷ್ಟರಲ್ಲಿ ಮುಗಿಯಲ್ಲ. ಅದು ನಾಲೆಯಲ್ಲಿದೆ, ಪಹಣಿಯಲ್ಲಿದೆ, ಪಹಣಿಯಲ್ಲಿ ಯಾರ ಹೆಸರು ಇಲ್ಲ ಅನ್ನೋದ್ರಲ್ಲೂ ಇದೆ. ಇವತ್ತು ಬರೀತಿರೋದು ಅದರ ಬಗ್ಗೆ. ಸ್ವಲ್ಪ ಉದ್ದ ಆಗುತ್ತೆ, ಸೇವ್ ಮಾಡ್ಕೊಂಡು ಬಸ್ಸಲ್ಲಿ ಓದಿ.

ಹೊಸಬರಿಗೆ: ನಮ್ಮೂರು ಕೆ.ಆರ್. ನಗರ ತಾಲ್ಲೂಕಲ್ಲಿ ಕಾವೇರಿ ನಾಲೆ ಕೆಳಗಿರೋ ಒಂದು ಸಣ್ಣ ಹಳ್ಳಿ. ಹೆಸರು ಹಾಕ್ತಿಲ್ಲ. ಮನೆ ವಿಷಯ ಬರೋದ್ರಿಂದ ಹಾಕದೇ ಇರೋದೇ ಒಳ್ಳೇದು.

ನಮ್ಮ ತಾಲ್ಲೂಕಿನ ಹೆಸರನ್ನೇ ತಗೊಳ್ಳಿ. ಮೊದಲು ಇದು ಎಡತೊರೆ. ಹೊಳೆ ಪಕ್ಕದ ಹಳೇ ಊರಿಗೆ ಪ್ರವಾಹದ ಕಾಟ ಇತ್ತು, ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಎತ್ತರದ ಜಾಗದಲ್ಲಿ ಹೊಸ ಊರು ಕಟ್ಟಿ ಅವರ ಹೆಸರೇ ಇಟ್ಟರು. ಅರ್ಕೇಶ್ವರ ಮಾತ್ರ ಹಳೇ ಎಡತೊರೆಯಲ್ಲೇ ಉಳಿದ. ಅಂದ್ರೆ ನಮ್ಮ ವಿಳಾಸ ಬದಲಾಗಿದ್ದೇ ನೀರಿನಿಂದ. ಕನ್ನಂಬಾಡಿ ಕಟ್ಟೆ ಕೆಲಸ 1911ರಲ್ಲಿ ಶುರುವಾಯ್ತು, ಹಿನ್ನೀರಲ್ಲಿ ಹಳೇ ಕನ್ನಂಬಾಡಿ ಊರೇ ಮುಳುಗ್ತು. ಎಚ್.ಡಿ. ಕೋಟೆ ಕಡೆಯವರನ್ನ ಕೇಳಿ, 1974ರಲ್ಲಿ ಮುಗಿದ ಕಬಿನಿ ಡ್ಯಾಮಿನ ಕಥೆ ಹೇಳ್ತಾರೆ. ಪುನ್ನಾಟ ರಾಜರ ಕೀರ್ತಿಪುರ ಅಂತ ಗುರುತಿಸೋ ಕಿತ್ತೂರು ಆ ನೀರಿನಡಿ ಇದೆ. ಅವರ ಗದ್ದೆ ಹೋಗಿ ಬೇರೆಯವರ ಗದ್ದೆಗೆ ನೀರು ಬಂತು.

ಆದ್ರೆ ನಮ್ಮೂರ ನೀರು ಕನ್ನಂಬಾಡಿದಲ್ಲ. ಕೆಆರ್‌ಎಸ್‌ಗಿಂತ ಮೇಲೆ, ಅದಕ್ಕಿಂತ ಹಳೇ ಕಟ್ಟೆಗಳಿಂದ ತೆಗೆದ ನಾಲೆಗಳದು. ಚಾಮರಾಜ ನಾಲೆ, ಮಿರ್ಲೆ ನಾಲೆ, ಚುಂಚನಕಟ್ಟೆಯ ರಾಮಸಮುದ್ರ ನಾಲೆ. ಈ ನಾಲೆಗಳ ಕೆಳಗಿನ ಭೂಮಿಗೆ ದಾಖಲೆಯಲ್ಲಿ 'ತರಿ' ಅಂತಾರೆ. ಮಳೆ ನಂಬಿರೋದು ಖುಷ್ಕಿ, ತೋಟ ಆದ್ರೆ ಬಾಗಾಯ್ತು. ಹುಣಸೂರು, ಪಿರಿಯಾಪಟ್ಟಣದ ಖುಷ್ಕಿಯಲ್ಲಿ ಹೊಗೆಸೊಪ್ಪು, ಬ್ಯಾರನ್ನು. ನಮ್ಮ ಕಡೆ ಭತ್ತ. ಒಂದು ಗುಂಟೆ ತರಿಗೂ ಅಣ್ಣತಮ್ಮ ಮಾತು ಬಿಡೋದು ನೀವು ನಿಮ್ಮೂರಲ್ಲೂ ನೋಡಿರ್ತೀರಾ.

ಚುಂಚನಕಟ್ಟೆ ಅಂದಾಗ ಒಂದು ನೆನಪಾಯ್ತು. ಅಲ್ಲಿ ಚುಂಚ, ಚುಂಚಿ ಅನ್ನೋ ಗಂಡಹೆಂಡ್ತಿ ಇದ್ರು, ಅವರಿಂದಲೇ ಆ ಹೆಸರು ಬಂತು ಅಂತ ಕಥೆ. ಕಥೇಲಿ ಇಬ್ರೂ ಇದ್ದಾರೆ, ಊರಿನ ಹೆಸರಲ್ಲಿ ಚುಂಚ ಒಬ್ಬನೇ. ನಗು ಬಂತಾ? ನಂಗೂ ಬಂತು. ಆಮೇಲೆ ನಮ್ಮನೆ ವಂಶವೃಕ್ಷ ನೋಡಿದ್ಮೇಲೆ ನಗು ಬರ್ಲಿಲ್ಲ.

(ಸ್ವೈಪ್ ಮಾಡಿ, ಮುಂದಿದೆ)

ಹಿಂದೆ ವಂಶದ ಕಥೆ ಇಟ್ಕೊಳ್ತಿದ್ದೋರು ಹೆಳವರು. ಸುಗ್ಗಿ ಆದ್ಮೇಲೆ ಎತ್ತಿನ ಮೇಲೆ ಕೂತು ಬರೋರು, ಮನೆ ಮುಂದೆ ನಿಂತು ಈ ಮನೆ ಮೂಲ ಯಾವೂರು, ಯಾರ ಮಗ ಯಾರು ಅಂತ ಹೇಳಿ ಭತ್ತ ತಗೊಂಡು ಹೋಗೋರು. ಅಜ್ಜಿ ಇವತ್ತಿಗೂ ಅವರ ರಾಗ ಅನುಕರಣೆ ಮಾಡ್ತಾಳೆ. ಅದರಲ್ಲಿ ಹೆಣ್ಣುಮಕ್ಕಳು ಬರ್ತಿದ್ರಾ ಅಂತ ಕೇಳ್ದೆ. 'ಯಾವೂರಿಗೆ ಕೊಟ್ಟವ್ರೆ ಅಂತ ಬತ್ತಿತ್ತು ಕಣವ್ವ' ಅಂದ್ಲು. ಹೆಸರು ಬರ್ತಿತ್ತೋ ಇಲ್ವೋ, ಲೆಕ್ಕಕ್ಕಂತೂ ಇದ್ರು.

ಈಗ ಹೆಳವರ ಕೆಲಸ ಮಾಡ್ತಿರೋದು ನಾಡಕಚೇರಿ. ಹೋದ ವರ್ಷ ತಾತ ತೀರ್ಕೊಂಡ್ರು. ಜಮೀನು ಪೌತಿ ಖಾತೆ ಆಗ್ಬೇಕು, ಅದಕ್ಕೆ ವಂಶವೃಕ್ಷ ಬೇಕು. ಮನೇಲಿ ಬಿಕಾಂ ಓದ್ತಿರೋಳು ನಾನೊಬ್ಳೇ, ಅರ್ಜಿ ನನ್ನ ಕೈಗೆ ಬಂತು. ಜೊತೆಗೊಂದು ಚೀಟಿ, ಯಾರ್ಯಾರ ಹೆಸರು ಬರೀಬೇಕು ಅಂತ. ತಾತ, ಅಜ್ಜಿ, ಅಪ್ಪ, ಚಿಕ್ಕಪ್ಪ. ಅಷ್ಟೇ. ಮೂರು ಜನ ಅತ್ತೆಯರು ಆ ಚೀಟಿಯಲ್ಲಿ ಹುಟ್ಟೇ ಇರ್ಲಿಲ್ಲ.

ಇದು ನಮ್ಮನೇಲಿ ಮಾತ್ರ ನಡೆದಿದ್ದು ಅಂದ್ಕೋಬೇಡಿ. 'ಹೆಣ್ಮಕ್ಕಳ ಹೆಸ್ರು ಹಾಕುದ್ರೆ ಸುಮ್ನೆ ಲೇಟು, ಎಲ್ರ ಸಹಿ ಬೇಕಾಯ್ತದೆ' ಅನ್ನೋ ಮಾತು ನಮ್ಮ ಕಡೆ ಸಲಹೆ ಥರ ಓಡಾಡುತ್ತೆ. ಕೇಳೋಕೆ ಎಷ್ಟು ಸಲೀಸು ನೋಡಿ. ನನ್ನ ಪ್ರಕಾರ ಅದು ಸುಳ್ಳು ದಾಖಲೆ. ಅಕೌಂಟೆನ್ಸಿ ಕ್ಲಾಸಲ್ಲಿ ಬಾಕಿ ಇರೋ ಸಾಲವನ್ನ ಬ್ಯಾಲೆನ್ಸ್ ಶೀಟಿಂದ ಬಿಟ್ರೆ ಏನಂತಾರೆ? ಮನೇಲಿ ಮಾಡಿದ್ರೆ 'ಹೊಂದಾಣಿಕೆ' ಹೆಂಗಾಗುತ್ತೆ?

ಕಾನೂನು ಏನು ಹೇಳುತ್ತೆ ಅಂತ ಇಲ್ಲೇ ಬರೀತೀನಿ, ನಿಮಗೂ ಬೇಕಾಗಬಹುದು. ನಮ್ಮ ಗದ್ದೆ ಎರಡು ಥರದ್ದು. ಒಂದು ಭಾಗ ಡಿಕ್ಲರೇಶನ್ ಹಾಕಿ ಬಂದಿದ್ದು, ಇನ್ನೊಂದು ತಾತ ಆಮೇಲೆ ಕ್ರಯಕ್ಕೆ ತಗೊಂಡಿದ್ದು. ಡಿಕ್ಲರೇಶನ್ ಅಂದ್ರೆ ದೇವರಾಜ ಅರಸು ಕಾಲದ್ದು. ನಮ್ಮ ಪಕ್ಕದ ಹುಣಸೂರು ತಾಲ್ಲೂಕಿನ ಕಲ್ಲಹಳ್ಳಿಯವರು, ಮುಖ್ಯಮಂತ್ರಿ ಆಗಿದ್ದಾಗ 1974ರಲ್ಲಿ ಭೂ ಸುಧಾರಣೆ ಕಾಯ್ದೆ ತಿದ್ದುಪಡಿ ತಂದ್ರು. ಗೇಣಿ ಮಾಡ್ತಿದ್ದೋರು ಫಾರಂ ನಂ. 7 ಹಾಕಿ ಭೂ ನ್ಯಾಯ ಮಂಡಳಿ ಮುಂದೆ ಗೆದ್ರೆ ಉಳೋನೇ ಒಡೆಯ. ಊರಲ್ಲಿ ಎಷ್ಟೋ ಮನೆ ಎದ್ದು ನಿಂತಿದ್ದೇ ಆಗ. ನಮ್ಮನೇಲಿ ಅರಸು ಫೋಟೋ ದೇವರ ಫೋಟೋ ಪಕ್ಕದಲ್ಲೇ ಇದೆ, ನಂಗೂ ಅವರು ಅಂದ್ರೆ ಗೌರವ. ಆದ್ರೂ ಒಂದು ಮಾತು: ಅರ್ಜಿ ಹಾಕಿದ್ದು ಮನೆ ಯಜಮಾನ, ಆದೇಶ ಬಂದಿದ್ದು ಯಜಮಾನನ ಹೆಸರಿಗೆ. ನೇಗಿಲು ಹಿಡಿದೋನು ಉಳೋನು. ಒಟ್ಲು ಕಿತ್ತು, ನಾಟಿ ಹಾಕಿ, ಕಳೆ ಕಿತ್ತು, ಕುಯ್ಲು ಮಾಡಿದೋಳು ಯಾರು? ದೊಡ್ಡತ್ತೆ ಏಳನೇ ಕ್ಲಾಸಿಗೆ ಸ್ಕೂಲು ಬಿಟ್ಟಿದ್ದೇ ಆ ಗದ್ದೆ ನಾಟಿಗೆ. ಕೇರಿಯಿಂದ ಕೂಲಿಗೆ ಬರ್ತಿದ್ದ ಹೆಂಗಸರಿಗಂತೂ ಅದೂ ಇಲ್ಲ ಇದೂ ಇಲ್ಲ. ಅದಕ್ಕೆ ಬೇರೆ ಪೋಸ್ಟ್ ಬೇಕು, ಎರಡು ಸಾಲಲ್ಲಿ ಮುಗಿಸಲ್ಲ.

ಈಗ ಹಕ್ಕಿನ ವಿಷಯ. ತಾತ ಕ್ರಯಕ್ಕೆ ತಗೊಂಡಿದ್ದು ಸ್ವಯಾರ್ಜಿತ. ವಿಲ್ ಬರೆದಿಲ್ಲ. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆ ಪ್ರಕಾರ ಹೆಂಡ್ತಿ, ಗಂಡುಮಕ್ಕಳು, ಹೆಣ್ಣುಮಕ್ಕಳು ಎಲ್ರಿಗೂ ಸಮಪಾಲು. ಅದು 1 ಎಕರೆ 20 ಗುಂಟೆ, ಅಂದ್ರೆ 60 ಗುಂಟೆ. ಅಜ್ಜಿ ಸೇರಿ ಆರು ಜನ, ತಲೆಗೆ 10 ಗುಂಟೆ. ಪಿತ್ರಾರ್ಜಿತಕ್ಕೆ ಬೇರೆ ಕಥೆ. ಕರ್ನಾಟಕದ ತಿದ್ದುಪಡಿ 1994ರ ಜುಲೈ 30ರಿಂದ ಜಾರಿಗೆ ಬಂತು, ಆದ್ರೆ ಅದಕ್ಕೂ ಮುಂಚೆ ಮದುವೆ ಆದೋರಿಗೆ ಹಕ್ಕಿಲ್ಲ ಅಂತ ಇತ್ತು. ನಮ್ಮ ಮೂವರಲ್ಲಿ ಇಬ್ಬರಿಗೆ ಆಗಲೇ ಮದುವೆ ಆಗಿತ್ತು. 2005ರ ಸೆಪ್ಟೆಂಬರ್ 9ರ ಕೇಂದ್ರದ ತಿದ್ದುಪಡಿಯಲ್ಲಿ ಆ ಭೇದ ಇಲ್ಲ, ಮಗಳು ಮಗನ ಹಾಗೆ ಹುಟ್ಟಿನಿಂದಲೇ ಪಾಲುದಾರಳು. 2020ರಲ್ಲಿ ವಿನೀತಾ ಶರ್ಮಾ ಕೇಸಲ್ಲಿ ಸುಪ್ರೀಂ ಕೋರ್ಟು 2005ರಲ್ಲಿ ಅಪ್ಪ ಬದುಕಿರಲೇಬೇಕು ಅಂತೇನಿಲ್ಲ ಅಂತಲೂ ಹೇಳ್ತು. 2004ರ ಡಿಸೆಂಬರ್ 20ಕ್ಕೆ ಮುಂಚೆ ರಿಜಿಸ್ಟರ್ ಆಗಿ ಭಾಗ ಆಗಿದ್ರೆ ಮಾತ್ರ ಅದನ್ನ ಮುಟ್ಟೋ ಹಾಗಿಲ್ಲ. 'ಮದ್ವೆ ಆಗೋದ್ಮೇಲೆ ಏನ್ ಹಕ್ಕು' ಅನ್ನೋರಿಗೆ ಈ ಪ್ಯಾರಾ ಸ್ಕ್ರೀನ್‌ಶಾಟ್ ಕಳ್ಸಿ.

(ಇನ್ನೊಂದು ಸ್ವೈಪ್, ಕೊನೇದು)

ಅಪ್ಪನ ಮಾತೂ ಕೇಳಿ, ಅವರನ್ನ ವಿಲನ್ ಮಾಡೋಕೆ ಬರೀತಿಲ್ಲ. ಮೂರು ಮದುವೆ ಸಾಲ ತೀರಿಸಿದ್ದು ಅಪ್ಪ, ಚಿಕ್ಕಪ್ಪ. 10 ಗುಂಟೆ ಹಂಗೆ ತುಂಡು ಮಾಡಿದ್ರೆ ಬದು ಹಾಕೋಕೇ ಜಾಗ ಹೋಗುತ್ತೆ, ಅದೂ ನಿಜ. ಇನ್ನೊಂದು, ಪಾಲು ಕೇಳಿದ ಹೆಣ್ಣುಮಗಳಿಗೆ ತವರಿನ ಬಾಗಿಲು ಮುಚ್ಚುತ್ತೆ ಅನ್ನೋ ಭಯ. ಇದನ್ನ ಹೇಳಿದ್ದು ಅಪ್ಪ ಅಲ್ಲ, ಅತ್ತೆಯರೇ. ಗೌರಿ ಹಬ್ಬಕ್ಕೆ ಬಾಗಿನ ಬರಲ್ಲ ಅನ್ನೋದು ಅವರಿಗೆ ಸಣ್ಣ ವಿಷಯ ಅಲ್ಲ. ಸಿಟಿಯಲ್ಲಿ ಕೂತು 'ಹಕ್ಕು ಕೇಳಿ' ಅಂತ ಪೋಸ್ಟ್ ಹಾಕೋದು ಸುಲಭ. ನಾಳೆ ಗಂಡನ ಮನೇಲಿ ಜಗಳ ಆದ್ರೆ ಬ್ಯಾಗ್ ಹಿಡ್ಕೊಂಡು ಬರಬೇಕಿರೋದು ಇದೇ ಮನೆಗೆ.

ಆದ್ರೆ ಬಾಗಿನ ಕೊಡೋದು ಅಣ್ಣನ ಇಷ್ಟ, ಪಾಲು ಅವಳದ್ದೇ ಸ್ವತ್ತು. ಇವೆರಡನ್ನ ಒಂದೇ ಕಾಲಂನಲ್ಲಿ ಬರೆಯೋಕಾಗಲ್ಲ. ಮದುವೆ ಖರ್ಚು ಲೆಕ್ಕ ಹಾಕೋದಾದ್ರೆ ಅಪ್ಪನ ಮದುವೆ ಖರ್ಚೂ ಹಾಕಬೇಕು, ಚಿಕ್ಕಪ್ಪನ ಬೈಕೂ ಹಾಕಬೇಕು, ಅತ್ತೆಯರು ಮದುವೆಗೆ ಮುಂಚೆ ಕೂಲಿ ಇಲ್ಲದೆ ಹಾಕಿದ ನಾಟಿಯನ್ನೂ ಹಾಕಬೇಕು. ಹಾಕೋಣ್ವಾ? ಯಾರೂ ಹೂಂ ಅನ್ನಲ್ಲ.

ನನ್ನ ನಿಲುವು ಇಷ್ಟು. ಅತ್ತೆ ಪಾಲು ಬೇಡ ಅಂದ್ರೆ ಬೇಡ, ಅದು ಅವಳಿಷ್ಟ. ಆದ್ರೆ ಬೇಡ ಅನ್ನೋಕೂ ಮೊದಲು ಅವಳ ಹೆಸರು ಕಾಗದದಲ್ಲಿ ಇರಬೇಕು. ಎಷ್ಟು ಗುಂಟೆ ಬಿಡ್ತಿದ್ದೀನಿ ಅಂತ ಗೊತ್ತಿದ್ದು, ಹಕ್ಕು ಬಿಡುಗಡೆ ಪತ್ರವನ್ನ ಓದಿಸಿ ಕೇಳ್ಕೊಂಡು, ಆಮೇಲೆ ಸಹಿ. ವಂಶವೃಕ್ಷದಿಂದಲೇ ಬಿಟ್ಟುಬಿಟ್ರೆ ಬಿಟ್ಟುಕೊಟ್ಟಿದ್ದು ಅವಳಲ್ಲ, ಕಿತ್ಕೊಂಡಿದ್ದು ನಾವು. ನಾಳೆ ನನ್ನ ತಮ್ಮನ ಮಗಳು ಈ ದಾಖಲೆ ತೆಗೆದು ನೋಡಿದ್ರೆ ತಾತನಿಗೆ ಇಬ್ಬರೇ ಮಕ್ಕಳು ಅಂದ್ಕೋತಾಳೆ.

ಅರ್ಜಿಯಲ್ಲಿ ಐದೂ ಮಕ್ಕಳ ಹೆಸರು ಬರೆದೆ, ದೊಡ್ಡೋರಿಂದ ಚಿಕ್ಕೋರಿಗೆ, ಹುಟ್ಟಿದ ಕ್ರಮದಲ್ಲಿ. ಹಾಗಾಗಿ ಮೊದಲ ಹೆಸರು ದೊಡ್ಡತ್ತೆದು. ಅಪ್ಪ ಎರಡು ದಿನ ಮಾತಾಡ್ಲಿಲ್ಲ. ಮೂರನೇ ದಿನ ಸಹಿ ಹಾಕಿ, 'ನಿನ್ ಅತ್ತೇರ್ಗೆ ನೀನೇ ಫೋನ್ ಮಾಡಿ ಆಧಾರ್ ತರ್ಸು' ಅಂದ್ರು. ಇಬ್ಬರದ್ದು ವಾಟ್ಸಾಪಲ್ಲಿ ಬಂತು. ಚಿಕ್ಕತ್ತೆ ಇನ್ನೂ ಕಳಿಸಿಲ್ಲ, 'ನಮ್ಮೋರನ್ನ ಕೇಳ್ಬೇಕು' ಅಂದಿದ್ದಾಳೆ.

ನಿಮ್ಮನೇಲಿ ಪೌತಿ ಖಾತೆ ಬಾಕಿ ಇದ್ರೆ ವಂಶವೃಕ್ಷ ಒಂದ್ಸಲ ತೆಗೆದು ನೋಡಿ, ಯಾರು ಬಿಟ್ಟುಹೋಗಿದ್ದಾರೆ ಅಂತ ಕಾಮೆಂಟಲ್ಲಿ ಹೇಳಿ, ಹೆಸರು ಬೇಡ, ಸಂಬಂಧ ಸಾಕು. ಹಾಗೇ ನಿಮ್ಮ ಗದ್ದೆಗಳಿಗೆ ಮನೇಲಿ ಏನಂತ ಕರೀತಾರೆ ಅಂತಲೂ ಕಳ್ಸಿ. ನಮ್ಮಲ್ಲಿ ತೂಬಿನ ಗದ್ದೆ, ಹೊಂಗೆಮರದ ಗದ್ದೆ ಅಂತಿದೆ, ಪಹಣಿಯಲ್ಲಿ ಬರೀ ಸರ್ವೆ ನಂಬರು. ಮುಂದಿನ ಭಾಗ ನೀರುಗಂಟಿಗಳ ಬಗ್ಗೆ, ಭಾನುವಾರ.

#ತರಿಜಮೀನಿನಊರು #ಎಡತೊರೆ #ಕೆಆರ್‌ನಗರ #ಪೌತಿಖಾತೆ